ಬಾಳವ್ವನ ನೀಲಿ ಕೈ

ಕೇಳ್ರಪ್ಪಾ ಮಕ್ಕಳೇ, ಗದ್ದಲ ಬಿಟ್ಟು ಹತ್ತಿರ ಬಂದು ಕೂತ್ಕೊಳ್ಳಿ. ಹಿರೇಕೊಳ್ಳ ಅಂತ ಒಂದು ರಾಜ್ಯ. ಅದಕ್ಕೊಬ್ಬ ದೊರೆ. ಮನುಷ್ಯ ಒಳ್ಳೆಯವನೇ, ಆದರೆ ಅರಮನೆ ಬಿಟ್ಟು ಹೊರಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಅವನು ಒಂದು ಸಲ ಡಂಗುರ ಹೊಡೆಸಿದ: "ದುಡಿಯಲಾಗದ ಬಡವರಿಗೆ ವಾರಕ್ಕೆ ನಾಲ್ಕು ಸೇರು ಜೋಳ. ಅರೆಹೊತ್ತು ದುಡಿಯುವ ಬಡವರಿಗೆ ಎರಡು ಸೇರು. ನನ್ನ ರಾಜ್ಯದಾಗ ಯಾರೂ ಹಸಿದು ಮಲಗಬಾರದು."

ಜೋಳ ಪಡೆದವರು ಅಂಗೈಯನ್ನು ಕೆಮ್ಮಣ್ಣಿನ ಗಡಿಗೆಯಲ್ಲಿ ಅದ್ದಿ, ಕಣಜದ ಬಿಳಿ ಗೋಡೆಯ ಮೇಲೆ ಒತ್ತಿ ಹೋಗಬೇಕು. ಅಮಾವಾಸ್ಯೆಗೆ ದೊರೆ ಬಂದು ಗೋಡೆ ನೋಡುತ್ತಿದ್ದ. ಇಷ್ಟು ಅಂಗೈ, ಇಷ್ಟು ಮಂದಿ ಉಂಡರು ಅಂತ ಹಿಗ್ಗಿ ಹೋಗುತ್ತಿದ್ದ.

ಆ ಊರಲ್ಲಿ ಬಾಳವ್ವ ಅಂತ ಒಬ್ಬ ಹೆಂಗಸು. ಗಂಡ ಇಲ್ಲ. ಮಗಳು ಗೌರಿಗೆ ನಡೆಯಲು ಬಾರದು. ನೆರೆಮನೆ ಶಿವಕ್ಕ ಮಧ್ಯಾಹ್ನದವರೆಗೆ ಹುಡುಗಿಯನ್ನು ನೋಡಿಕೊಳ್ಳುತ್ತಿದ್ದಳು. ಅಷ್ಟರೊಳಗೆ ಬಾಳವ್ವ ಬಣ್ಣಗಾರರ ನೀಲಿ ತೊಟ್ಟಿಯಲ್ಲಿ ನೂಲು ಅದ್ದಿ ಬರಬೇಕು. ಆ ತೊಟ್ಟಿ ನೀರಿನ ಆಟ ನೋಡಬೇಕು ನೀವು! ತೆಗೆಯುವಾಗ ಹಳದಿ ಹಸಿರು, ಗಾಳಿ ತಾಗಿದ ಮೇಲೆ ಕಡು ನೀಲಿ. ಕೈಗೆ ಹತ್ತಿದರೆ ವಾರಗಟ್ಟಲೆ ಬಿಡುವುದಿಲ್ಲ. ಬಂದ ಕೂಲಿಗೆ ವಾರದಲ್ಲಿ ನಾಲ್ಕು ದಿನ ಒಲೆ ಹೊತ್ತುತ್ತಿತ್ತು. ಉಳಿದ ಮೂರು ದಿನ ಗೌರಿ ನೀರು ಕುಡಿದು ಮಲಗುತ್ತಿದ್ದಳು.

ಸೋಮವಾರ ಬಾಳವ್ವ ಕಣಜಕ್ಕೆ ಹೋದಳು. ಕಣಜದ ಅಧಿಕಾರಿ ಅಡಿವೆಪ್ಪ ಹೊಟ್ಟೆ ಮುಂದೆ ಮಾಡಿ, ಸೊಟ್ಟ ಕಿರುಬೆರಳಿನ ಅಗಲವಾದ ಕೈ ತೊಡೆಯ ಮೇಲಿಟ್ಟು ಕೂತಿದ್ದ.

"ಕೈ ತೋರ್ಸು."

ತೋರಿಸಿದಳು.

"ನೀಲಿ! ದುಡೀತಿ ಅಂದಂಗಾತು. ದುಡಿಯೋರಿಗೆ ಜೋಳ ಯಾಕ? ನಡಿ."

"ಎಪ್ಪಾ, ಅರೆಹೊತ್ತು ದುಡಿಯೋರಿಗೆ ಎರಡು ಸೇರು ಅಂತ ದೊರೆ ಹೇಳ್ಯಾರಲ್ರೀ."

"ದೊರೆ ಅರಮನ್ಯಾಗ ಅದಾರ. ಇಲ್ಲಿ ನಾ ಅದೀನಿ."

ಎರಡನೇ ಸೋಮವಾರ ಶಿವಕ್ಕ ಕಿವಿಯಲ್ಲಿ ಊದಿದಳು: "ಕೆಲಸ ಬಿಟ್ಟುಬಿಡವಾ. ಕೈಲಾಗಂಗಿಲ್ಲ ಅಂತ ಅಳು. ನಾಲ್ಕು ಸೇರು ಸಿಗತೈತಿ."

"ನನ್ನ ಕೈಗೆ ಏನಾಗೈತಿ ಅಂತ ಸುಳ್ಳು ಹೇಳಲಿ? ದುಡಿದೇ ತಗೋತೀನಿ, ಹೇಳಿಯೇ ತಗೋತೀನಿ," ಅಂದಳು ಬಾಳವ್ವ. ಹೋದಳು. ಕೈ ತೋರಿಸಿದಳು. ಬರಿಗೈಲಿ ಬಂದಳು. ಅಂದು ಮೂವತ್ತು ಮಂದಿಯಲ್ಲಿ ಅವಳೂ ಸೇರಿ ಹನ್ನೆರಡು ಮಂದಿಗೆ ಅದೇ ಗತಿ. ಒಬ್ಬನ ಕೈಗೆ ಕುಂಬಾರರ ಮಣ್ಣು ಮೆತ್ತಿತ್ತು, ಒಬ್ಬಳ ಬೆರಳಿಗೆ ಹಗ್ಗ ಹೊಸೆದ ಗಾಯ ಇತ್ತು.

ಮರುದಿನ ಕೆಲಸಕ್ಕೆ ಹೋಗುವಾಗ ಬಾಳವ್ವ ಗೋಡೆ ನೋಡಿ ನಿಂತುಬಿಟ್ಟಳು. ಜೋಳ ಸಿಕ್ಕಿದ್ದು ಹದಿನೆಂಟು ಮಂದಿಗೆ, ಗೋಡೆಯ ಮೇಲೆ ಹೊಸ ಅಂಗೈ ಮೂವತ್ತು! ಅದರಲ್ಲಿ ಹನ್ನೆರಡು ಅಗಲವಾದ ಅಂಗೈ, ಎಲ್ಲಕ್ಕೂ ಕಿರುಬೆರಳು ಸೊಟ್ಟ. ನಮ್ಮ ಪಾಲಿನ ಜೋಳ ಯಾರ ಮನೆ ಸೇರಿತು ಅಂತ ಅವಳಿಗೆ ತಿಳಿಯಿತು. ಆದರೆ ಅವಳು ಕೂಗಾಡಲಿಲ್ಲ.

ಮೂರನೇ ಸೋಮವಾರ ತಂಬಿಗೆ ಹಿಡಿದು ಹೋದಳು. ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತಳು. ಅಂದೂ ಅದೇ ಹನ್ನೊಂದು ಮಂದಿ ಅವಳ ಮುಂದೆಯೇ ಬರಿಗೈಲಿ ತಿರುಗಿದರು. ಅಡಿವೆಪ್ಪ ಅವಳ ಕೈ ನೋಡಿ, "ಮತ್ತ ಬಂದಿಯಾ? ನಡಿ" ಅಂದು ಬೀಗ ತರಲು ಒಳಗೆ ಹೋದ. ಬಾಳವ್ವ ತಂಬಿಗೆಯಲ್ಲಿ ತಂದಿದ್ದ ನೀಲಿ ತೊಟ್ಟಿಯ ನೀರನ್ನು ಕೆಮ್ಮಣ್ಣಿನ ಗಡಿಗೆಗೆ ಸುರಿದು ಸುಮ್ಮನೆ ನಡೆದಳು. ಕೆಮ್ಮಣ್ಣು ಕೆಂಪಾಗೇ ಕಾಣುತ್ತಿತ್ತು. ಎಲ್ಲರೂ ಹೋದ ಮೇಲೆ ಅಡಿವೆಪ್ಪ ಕೈ ಅದ್ದಿದ, ಒತ್ತಿದ, ಅದ್ದಿದ, ಒತ್ತಿದ. ಹನ್ನೆರಡು ಸಲ!

ಮನೆಗೆ ಹೋಗಿ ತೊಳೆದರೆ ಕೆಂಪು ಹೋಯಿತು, ನೀಲಿ ಉಳಿಯಿತು. ಸೀಗೆಕಾಯಿ ಹಾಕಿ ತಿಕ್ಕಿದ, ಹೋಗಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ, ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದ, ಚರ್ಮ ಸುಲಿಯಿತೇ ಹೊರತು ಬಣ್ಣ ಹೋಗಲಿಲ್ಲ.

ಮರುದಿನವೇ ಅಮಾವಾಸ್ಯೆ. ದೊರೆ ಬಂದ. ಅಡಿವೆಪ್ಪ ಕೈಗೆ ಬಟ್ಟೆ ಸುತ್ತಿಕೊಂಡು, "ಬಿಸಿ ಗಂಜಿ ಬಿತ್ತು, ದೊರೆಯೇ" ಅಂದ.

ಬಾಳವ್ವ ಉಳಿದ ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಮುಂದೆ ಬಂದಳು. "ಬಟ್ಟೆ ಬಿಚ್ಚಿಸ್ರಿ, ದೊರೆಯೇ. ವಾರಾ ವಾರಾ ಅವರು ನಮ್ಮ ಕೈ ನೋಡ್ಯಾರ. ಇವತ್ತು ನಾವು ಅವರ ಕೈ ನೋಡತೀವಿ."

ಬಿಚ್ಚಿದರು. ನೀಲಿ ಅಂಗೈ, ಸೊಟ್ಟ ಕಿರುಬೆರಳು. ಗೋಡೆಯ ಮೇಲೂ ಗಾಳಿ ತಾಗಿ ಕೆಂಪಿನೊಳಗಿಂದ ನೀಲಿ ಎದ್ದ ಹನ್ನೆರಡು ಅಂಗೈ, ಸೊಟ್ಟ ಕಿರುಬೆರಳು. ಬಾಳವ್ವ ತಂಬಿಗೆಯ ಕಥೆ ಒಂದೂ ಮುಚ್ಚಿಡದೆ ಹೇಳಿದಳು.

ದೊರೆಗೆ ನಾಚಿಕೆಯಾಯಿತು. ಅಂಗೈ ನೋಡಿದ್ದೆ, ಮುಖ ನೋಡಲಿಲ್ಲವಲ್ಲ ಅಂತ ಮರುಗಿದ. ಆಮೇಲೆ ಅಡಿವೆಪ್ಪನ ಕಡೆ ತಿರುಗಿದ. "ಕದ್ದ ಜೋಳ ಇವತ್ತೇ ತಂದು ಹಾಕು. ನಾಳೆಯಿಂದ ನೀಲಿ ತೊಟ್ಟಿಯಾಗ ಅರೆಹೊತ್ತು ದುಡಿ. ಕೂಲಿ ಸಾಲದಿದ್ದರೆ ಇಲ್ಲಿಗೆ ಬಂದು ಕೈ ತೋರ್ಸು. ಎರಡು ಸೇರು ನಿನಗೂ ಸಿಗತೈತಿ."

ಬಾಳವ್ವ ತನ್ನ ಜೋಳ ಉಡಿಯಲ್ಲಿ ಕಟ್ಟಿಕೊಂಡಳು. ಹೊಸ ಕೆಮ್ಮಣ್ಣಿನಲ್ಲಿ ಕೈ ಅದ್ದಿ, ಗೋಡೆಯ ಮೇಲೆ ಗಟ್ಟಿಯಾಗಿ ಒತ್ತಿದಳು. ಅಂದು ರಾತ್ರಿ ಗೌರಿ ಎರಡು ರೊಟ್ಟಿ ತಿಂದು, ಇನ್ನೊಂದು ಕೇಳಿದಳು.

ತಿಳೀತೇನ್ರಪ್ಪಾ? ಕೈಲಾದಷ್ಟು ದುಡಿದು, ಸಾಲದ್ದನ್ನು ನಿಜ ಹೇಳಿ ಕೇಳುವುದು ತಪ್ಪಲ್ಲ. ದುಡಿಯುತ್ತಾರೆಂದು ಬಡವರ ಪಾಲು ಕಸಿದುಕೊಳ್ಳುವವನೇ ಕಳ್ಳ. ನಿಮ್ಮ ಪಾಲು ನಿಮ್ಮದಾದರೆ, ಮೂರು ಸಲ ಓಡಿಸಿದರೂ ನಾಲ್ಕನೇ ಸಲ ಹೋಗಿ. ಕೈ ಮಾತ್ರ ಬಚ್ಚಿಡಬೇಡಿ.