ತುಪ್ಪದ ಮಿಳ್ಳೆ

ವರದಾ ನದಿಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಮಡಿವಾಳಜ್ಜ, ಅವರ ಜೊತೆಗೆ ಶಿಷ್ಯ ಗುರುಶಾಂತ.

ಅಜ್ಜಾರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ, ನೋಟ ಬದಿಗಳಿಂದ ಸವೆಯುತ್ತ ಬರುವ ರೋಗ. ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿ ಕಾಯಬೇಕು. ಎರಡು ಹೊತ್ತು ಹನಿ ಹಾಕುವ ಸೇವೆ ಗುರುಶಾಂತನದು. ಮೊದಮೊದಲು ಅವನ ಗುರಿ ತಪ್ಪಿ, ಔಷಧಿ ಕಣ್ಣಿಗಿಂತ ಅಜ್ಜಾರ ಗಡ್ಡಕ್ಕೇ ಹೆಚ್ಚು ಬೀಳುತ್ತಿತ್ತು.

ಆ ಸಲ ಕಣ್ಣಿನ ಆಸ್ಪತ್ರೆಯವರು ಒಂದು ಫಾರ್ಮ್ ಕೊಟ್ಟು ಕಳಿಸಿದರು. ರೋಗದ ಜೊತೆ ಬದುಕು ಹೇಗೆ ಸಾಗಿದೆ ಎಂದು ತಿಳಿಯುವ ಪ್ರಶ್ನೆಗಳು. ಗುರುಶಾಂತ ಜಗಲಿಯಲ್ಲಿ ಕೂತು, ಅಜ್ಜಾರನ್ನು ಒಂದು ಮಾತೂ ಕೇಳದೆ ತುಂಬಿಬಿಟ್ಟ. ತುಂಬುತ್ತ ತುಂಬುತ್ತ ಅವನಿಗೆ ಅಜ್ಜಾರ ಬಾಳು ಇಷ್ಟೇ ಆಯಿತಲ್ಲ ಎಂಬ ಸಂಕಟ.

"ಓದು, ಕೇಳೋಣ," ಎಂದರು ಅಜ್ಜಾರು.

"ಮೆಟ್ಟಿಲು ಇಳಿಯಲು ಕಷ್ಟವೇ? ಬಹಳ ಕಷ್ಟ. ಇತರರ ನೆರವು ಬೇಕೇ? ಯಾವಾಗಲೂ. ದೃಷ್ಟಿಯ ಕಾರಣ ಮೊದಲಿನ ಕೆಲಸ ಬಿಟ್ಟಿದ್ದೀರಾ? ಪೂರ್ತಿ ಬಿಟ್ಟಿದ್ದೇನೆ. ಮನಸ್ಸಿಗೆ ಬೇಸರವಿದೆಯೇ?"

ಗುರುಶಾಂತ ಅಲ್ಲಿಗೆ ನಿಲ್ಲಿಸಿದ.

"ಅದಕ್ಕೇನು ಬರದಿ?"

"ಸದಾ ಇದೆ ಅಂತ ಬರದೇನ್ರಿ ಅಜ್ಜಾರ. ನೀವು ನಕ್ಕು ನಾಕು ತಿಂಗಳಾತು."

"ಖರೇ ಐತಿ. ಆದರ ಕೆಲಸ ನಾ ಬಿಟ್ಟೆನೋ, ನೀ ಬಿಡಸಿದಿಯೋ?"

ಗುರುಶಾಂತನಿಗೆ ತುಪ್ಪದ ಮಿಳ್ಳೆ ನೆನಪಾಯಿತು.

ಪ್ರತಿ ಸೋಮವಾರ ಮಠದಲ್ಲಿ ಭಕ್ತರಿಗೆ ಗೋಧಿ ಹುಗ್ಗಿಯ ಊಟ. ಹುಗ್ಗಿಯ ಮೇಲೆ ತುಪ್ಪ ಬಡಿಸುವ ಮಿಳ್ಳೆ ಮಾತ್ರ ಮೂವತ್ತು ವರ್ಷ ಅಜ್ಜಾರ ಕೈ ಬಿಟ್ಟು ಕದಲಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಒಬ್ಬರ ಎಲೆ ತಪ್ಪಿ ತುಪ್ಪ ನೆಲಕ್ಕೆ ಹರಿಯಿತು. ಮುಂದಿನ ಸೋಮವಾರ ಗುರುಶಾಂತ, "ಇನ್ನ ನೀವು ಕೂತು ಉಣ್ರಿ ಅಜ್ಜಾರ," ಎಂದು ಮಿಳ್ಳೆಯನ್ನು ತಾನೇ ತೆಗೆದುಕೊಂಡ. ಶಿಷ್ಯ ಅಂದರೆ ಹೀಗಿರಬೇಕು ಎಂದು ನಾಲ್ಕು ಜನ ಹೊಗಳಿದರು. ಅವನೂ ಹಿರಿಹಿರಿ ಹಿಗ್ಗಿದ. ಅಜ್ಜಾರು ಅವನು ಬಡಿಸಿದ್ದನ್ನು ಕೂತು ಉಂಡರು.

"ಇವತ್ತು ಯಾವ ವಾರ?" ಎಂದರು ಅಜ್ಜಾರು.

"ಸೋಮವಾರ್ರೀ."

"ಮಿಳ್ಳಿ ತಾ. ನೀ ಹೋಗಿ ಪಂಕ್ತಿಯೊಳಗ ಕೂಡು."

ಗುರುಶಾಂತ ಜೀವ ಕೈಯಲ್ಲಿ ಹಿಡಿದು ಕೂತ.

ಅಜ್ಜಾರು ಮೊದಲಿನ ಹಾಗೆ ಸರಸರ ಬಡಿಸಲಿಲ್ಲ. ಪ್ರತಿ ಎಲೆಯ ಮುಂದೆ ನಿಂತರು. ಪೂರ್ತಿ ತಲೆ ತಿರುಗಿಸಿ ನೋಡಿದರು. ಬಾಗಿ, ಎಡಗೈ ಬೆರಳಿಂದ ಮುತ್ತುಗದ ಎಲೆಯ ಅಂಚು ಮುಟ್ಟಿ, ಆಮೇಲೆ ತುಪ್ಪ ಬಿಟ್ಟರು. ಕೂತವರು ತಾವಾಗಿಯೇ ಕಾಲು ಒಳಗೆಳೆದುಕೊಂಡರು. ಹುಗ್ಗಿ ಆರಿತು. ಒಬ್ಬರೂ ತುತ್ತು ಎತ್ತಲಿಲ್ಲ.

ಕೊನೆಗೆ ಕೂತಿದ್ದ ಮುದುಕಿ ನೀಲವ್ವನ ಸೀರೆಯ ಮೇಲೆ ಒಂದು ಹನಿ ತುಪ್ಪ ಬಿತ್ತು. ಗುರುಶಾಂತ ಎದ್ದೇಬಿಟ್ಟ.

"ತುಪ್ಪ ಅಷ್ಟಽ ಹಾಕಿದ್ರ ಹೆಂಗ್ರಿ ಅಜ್ಜಾರ," ಎಂದಳು ನೀಲವ್ವ. "ಸೀರಿಗೂ ಒಂದ್ ಸೌಟು ಹುಗ್ಗಿ ಹಾಕಸ್ರಿ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗುರುಶಾಂತನ ಎದೆಯ ಮೇಲಿಂದ ನಾಲ್ಕು ತಿಂಗಳ ಭಾರ ಇಳಿದುಹೋಯಿತು. ಅವನು ಕೂತು, ಕಣ್ಣೊರೆಸಿಕೊಂಡು ಉಂಡ. ಆರಿದ ಹುಗ್ಗಿ ಅಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸಂಜೆ ಗುರುಶಾಂತ, ಮೊದಲು ಬರೆದದ್ದನ್ನೆಲ್ಲ ಹೊಡೆದುಹಾಕಿ, ಫಾರ್ಮ್ ಹಿಡಿದು ಅಜ್ಜಾರ ಮುಂದೆ ಕೂತ. ಈಗ ಒಂದೊಂದೇ ಪ್ರಶ್ನೆ ಕೇಳಿದ.

"ಮೆಟ್ಟಿಲು?"

"ಇಳೀತೇನಿ. ಅಂಚಿಗೆ ಸುಣ್ಣ ಬಳದ್ರ ಇನ್ನೂ ಚಲೋ."

"ಇತರರ ನೆರವು?"

"ಹನಿ ಹಾಕಾಕ ಬೇಕು. ಹೊಳಿಗೆ ಹೋಗುವಾಗ ಬೇಕು. ಉಳಿದದ್ದಕ್ಕ ಕೇಳತೇನಿ, ಆವಾಗ ಕೊಡು."

"ಉಳಿದ ನೋಟವೂ ಹೋದೀತೆಂಬ ಭಯವಿದೆಯೇ?"

ಅಜ್ಜಾರು ಗಡ್ಡ ನೀವಿಕೊಂಡರು.

"ಐತಿ. ದಿನಾ ಮುಂಜಾನೆ ಎಚ್ಚರಾದ ಕೂಡಲೇ ಕಿಡಕಿ ಹುಡುಕತೇನಿ. ಅದು ಕಂಡ ಮ್ಯಾಲೆ ಏಳತೇನಿ. ಹಾಂಗಽ ಬರಿ."

ಗುರುಶಾಂತ ಹಾಗೆಯೇ ಬರೆದ.

"ಮನಸ್ಸಿಗೆ ಬೇಸರ?"

"ಇವತ್ತು ಊಟದ ತನಕಾ ಇತ್ತು."

ಗುರುಶಾಂತ ಪೆನ್ನು ಕೆಳಗಿಟ್ಟ. ಔಷಧಿಯ ಬಾಟಲಿ ಕೈಗೆ ತೆಗೆದುಕೊಂಡರೂ ಮುಚ್ಚಳ ತೆರೆಯಲಿಲ್ಲ.

"ಅಜ್ಜಾರ, ನಿಮ್ಮ ಕೈಯಾಗಿನ ಮಿಳ್ಳಿ ನಾ ಕಸ್ಕೊಂಡೆ. ಒಂದ್ ಮಾತು ಬೈಲಿಲ್ಲ. ಇಷ್ಟು ದಿವಸ ಹೆಂಗ ಸುಮ್ಮನಿದ್ರಿ?"

ಅಜ್ಜಾರು ಗೋಡೆಗೆ ತಲೆಯಾನಿಸಿ, ಹನಿಗಾಗಿ ಕಣ್ಣು ಅಗಲಿಸಿದರು.

"ನೀ ಹನಿ ಹಾಕೂದು ಕಲಿಯೂ ತನಕಾ ನನ್ನ ಗಡ್ಡ ಸುಮ್ಮನಿದ್ದಿಲ್ಲೇನು?"