ಸಂಕವ್ವನ ಮಣ್ಣಿನ ಕಾಲುಗಳು

ನಿಮ್ಮಜ್ಜನ ಅಜ್ಜಿಗೂ ಹಾಲುಹಲ್ಲು ಮೂಡದ ಕಾಲದಲ್ಲಿ, ಒಂದು ಊರಿನಲ್ಲಿ, ಕುಂಬಾರ ಸಂಕವ್ವ ಅಂತ ಒಬ್ಬಳಿದ್ದಳಂತೆ. ಅವಳು ಮಾಡಿದ ಗಡಿಗೆ ಬಾವಿಗೆ ಬಿದ್ದರೂ ಒಡೆಯುತ್ತಿರಲಿಲ್ಲವಂತೆ. ಅಷ್ಟನ್ನು ನಾನು ನಂಬುವುದಿಲ್ಲ. ಅವಳ ನಾಲಿಗೆ ಯಾರ ಮುಂದೆಯೂ ತಗ್ಗುತ್ತಿರಲಿಲ್ಲವಂತೆ, ಅದನ್ನು ನಂಬುತ್ತೇನೆ.

ಆ ಊರಿನಲ್ಲಿ ನೀಲವ್ವ ಅನ್ನುವ ಬಾಣಂತಿಗೆ ನಂಜು ಏರಿತು. ಹದಿನೆಂಟು ದಿನ ಮೈ ಕೆಂಡದಂತೆ ಸುಟ್ಟಿತು. ಉಳಿಯಲಾರಳು ಅಂದುಕೊಂಡವರೆಲ್ಲ ಬಾಯಿಗೆ ನೀರು ಬಿಟ್ಟು ಹೋದರು, ಹತ್ತೊಂಬತ್ತನೇ ದಿನ ಕಣ್ಣು ಬಿಟ್ಟಳು. ಜ್ವರ ಹೋಯಿತು, ಕೈಕಾಲು ಮಾತ್ರ ಏಳಲಿಲ್ಲ. ಮಗುವನ್ನು ಎತ್ತಿಕೊಳ್ಳುವುದಕ್ಕೂ ಆಗಲಿಲ್ಲ. ಗಂಜಿ ಕುಡಿಯುತ್ತಾಳೆ, ಮಾತಾಡುತ್ತಾಳೆ, ಏಳು ಅಂದರೆ ಏಳುವುದಿಲ್ಲ, ಇದು ಸೋಗು ಅಂದಳಂತೆ ಅತ್ತೆ. ಊರ ಹಿರಿಯರೂ ಹೌದಪ್ಪ ಹೌದು ಅಂದರು. ಅಮಾವಾಸ್ಯೆಯೊಳಗೆ ಏಳದಿದ್ದರೆ ಅವಳನ್ನು ತವರಿಗೆ ಅಟ್ಟುವುದು, ಮಗು ಇಲ್ಲೇ ಉಳಿಯುವುದು ಅಂತ ತೀರ್ಮಾನವಾಯಿತು.

ಈ ತೀರ್ಮಾನ ಸಂಕವ್ವನ ಕಿವಿಗೂ ಬಿತ್ತು. ಹಿಂದೆ ಅವಳ ತಂಗಿಯೂ ಜ್ವರ ಬಿಟ್ಟ ಮೇಲೆ ಹೀಗೇ ಮಲಗಿದ್ದಳಂತೆ. ಆಗ ಮೈಗಳ್ಳಿ ಅಂತ ಬೈದವಳು ಬೇರೆ ಯಾರೂ ಅಲ್ಲ, ಸಂಕವ್ವನೇ. ಆ ಬೈಗುಳ ಕೇಳುತ್ತಲೇ ತಂಗಿ ಸತ್ತಳು. ಹೆಣಕ್ಕೆ ನೀರೆರೆಯುವಾಗ ಅವಳ ಕಾಲು ಒನಕೆಯಷ್ಟೂ ದಪ್ಪ ಉಳಿದಿರಲಿಲ್ಲವಂತೆ.

ಅವತ್ತೇ ಸಂಕವ್ವ ಹಸಿಮಣ್ಣು ಕಲಸಿಕೊಂಡು ಹೋದಳು. ನೀಲವ್ವನ ಮೀನಖಂಡದ ಸುತ್ತ ಮೆತ್ತಿ, ಎರಡು ಹೋಳು ಮಾಡಿ ಬಿಡಿಸಿ, ಮತ್ತೆ ಕೂಡಿಸಿ ತಳ ಹಚ್ಚಿ ಅಚ್ಚು ಮಾಡಿದಳು. ಒಂಬತ್ತನೇ ದಿನ ಅದೇ ಕಾಲಿಗೆ ಇನ್ನೊಂದು. ಎರಡನ್ನೂ ಒಂದೇ ಆವಿಗೆಯಲ್ಲಿ ಸುಟ್ಟಳು.

ಅಮಾವಾಸ್ಯೆಯ ದಿನ ಹಿರಿಯರು ಕಟ್ಟೆಯ ಮೇಲೆ ಕೂತರು. ಗಡಿಗೆ ಮಾಡುವವಳಿಗೆ ನ್ಯಾಯದಲ್ಲೇನು ಕೆಲಸ ಅಂತ ಗೌಡ ಕೇಳಿದನಂತೆ. ಅವಳು ಮೊದಲ ಅಚ್ಚಿನ ತುಂಬ ನೀರು ಹಾಕಿ ಅವನ ಕೈಗೇ ಕೊಟ್ಟು, ಎರಡನೆಯದಕ್ಕೆ ಸುರಿಯಿರಿ ಅಂದಳು. ಗೌಡ ಸುರಿದ. ಒಂದು ಬೊಗಸೆ ನೀರು ಇನ್ನೂ ಇರುವಾಗಲೇ ಎರಡನೆಯದು ತುಂಬಿ, ಉಳಿದದ್ದೆಲ್ಲ ಅವನ ಧೋತರದ ಮೇಲೆ ಚೆಲ್ಲಿತು. ಸುಟ್ಟರೆ ಮಣ್ಣು ಕುಗ್ಗುತ್ತದಲ್ಲ ಅಂತ ಒಬ್ಬ ಜಾಣ ತಕರಾರು ತೆಗೆದ.

"ಎರಡೂ ಒಂದ ಮಣ್ಣು, ಒಂದ ಬೆಂಕಿ. ಕುಗ್ಗಿದರ ಎರಡೂ ಸಮ ಕುಗ್ಗತಾವ," ಅಂದಳಂತೆ ಸಂಕವ್ವ. "ಚೆಲ್ಲಿದ ನೀರು ಆಕಿ ಕಾಲಿನ ಮಾಂಸ. ನಂಜು ನರಾನೂ ತಿಂದೈತಿ, ಮಾಂಸಾನೂ ತಿಂದೈತಿ. ಸೋಗು ಹಾಕಾಕಿ ಮಾರಿ ಸಣ್ಣ ಮಾಡ್ತಾಳ, ಕಾಲು ಸಣ್ಣ ಮಾಡಾಕ ಬರ್ತೈತೇನು? ಬರೂದಾದ್ರ ಗೌಡ್ರ, ನೀವೊಂದೀಟು ಮಾಡಿ ತೋರಸ್ರಿ."

ಗೌಡ ಒದ್ದೆ ಧೋತರ ಹಿಂಡಿಕೊಂಡು ತೀರ್ಮಾನ ಹಿಂತೆಗೆದುಕೊಂಡ. ನೀಲವ್ವ ಮನೆಯಲ್ಲೇ ಉಳಿದಳು, ಮಗು ಅವಳ ಮಗ್ಗುಲಲ್ಲೇ ಉಳಿಯಿತು. ಸಂಕವ್ವ ದಿನಾ ಅವಳ ಕಾಲಿಗೆ ಎಣ್ಣೆ ತಿಕ್ಕಿ ಮಡಚಿಸಿ ಬಿಡಿಸಿ, ತಿಂಗಳಿಗೊಂದು ಅಚ್ಚು ತೆಗೆದಳಂತೆ. ಆರನೆಯದು ಮೊದಲನೆಯದರ ನೀರನ್ನೆಲ್ಲ ಹಿಡಿಯಿತು. ಏಳನೆಯದಕ್ಕೆ ಅವಳು ಮಣ್ಣು ಹೊತ್ತು ಹೋಗಬೇಕಾಗಲಿಲ್ಲ. ನೀಲವ್ವನೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಆವಿಗೆಯ ಹತ್ತಿರ ಬಂದಳಂತೆ.

ಕುಂಬಾರಗೇರಿಯಲ್ಲಿ ಇವತ್ತಿಗೂ ಹಲಗೆಯ ಮೇಲೆ ಮಣ್ಣಿನ ಕಾಲುಗಳು ಸಾಲಾಗಿವೆ. ಸಾಲಿನ ಮೊದಲ ಜಾಗ ಖಾಲಿ, ಅದು ಸಂಕವ್ವನ ತಂಗಿಯದು. ನಂಜು ಇಳಿದು ಮಲಗಿದವರನ್ನು ಯಾರಾದರೂ ಮೈಗಳ್ಳರು ಅಂದರೆ ಆ ಊರಿನವರು ವಾದಕ್ಕೆ ನಿಲ್ಲುವುದಿಲ್ಲ. ಅಂದವರ ಕೈಗೇ ಎರಡು ಅಚ್ಚು ಕೊಟ್ಟು, ಸುರಿದು ನೋಡು ಅನ್ನುತ್ತಾರೆ.