ಹಗುರ ಮೌಸ್ ಮತ್ತು ದೇಚಮ್ಮನ ಕೈ

ಮೈಸೂರಿನ ಕೈಗಾರಿಕಾ ಪ್ರದೇಶದಲ್ಲಿ ಧರಣೇಂದ್ರ ಎಂಬವನು ಕಂಪ್ಯೂಟರ್ ಆಟಗಾರರಿಗಾಗಿ ವೈರ್ ಇಲ್ಲದ ಮೌಸ್ ತಯಾರಿಸುತ್ತಿದ್ದ. ಕಾಲೇಜಿನಲ್ಲಿ ಜೊತೆಗೆ ಓದಿದ ಫಿಲೋಮಿನಾ ಅವನ ಪಾಲುದಾರಳು. ಮೌಸ್ ಹೇಗಿರಬೇಕೆಂದು ರೂಪಿಸುವುದು ಅವನ ಕೆಲಸ. ಅದನ್ನು ಬೀಳಿಸಿ, ಹಿಸುಕಿ, ಉಜ್ಜಿ, ಬಾಳಿಕೆ ಬರುತ್ತದೋ ಇಲ್ಲವೋ ನೋಡುವುದು ಅವಳ ಕೆಲಸ. ಅವರ ಮೌಸ್ ನೋಡಲು ಅಂಥ ಚೆಂದವೇನೂ ಇರಲಿಲ್ಲ. ಸ್ವಲ್ಪ ಭಾರ ಬೇರೆ. ಆದರೆ ಮೇಜಿನಿಂದ ಬಿದ್ದರೂ ಏನೂ ಆಗುತ್ತಿರಲಿಲ್ಲ. ಕೊಂಡವರು ವರ್ಷಗಟ್ಟಲೆ ಬಳಸುತ್ತಿದ್ದರು.

ಆ ಊರಲ್ಲೇ ದೇಚಮ್ಮ ಎಂಬ ಹುಡುಗಿ ಇದ್ದಳು. ಕಂಪ್ಯೂಟರ್ ಆಟಗಳ ಪಂದ್ಯಗಳಲ್ಲಿ ಒಳ್ಳೆಯ ಹೆಸರು ಮಾಡಿದವಳು. ಒಮ್ಮೆ ಸ್ಕೂಟರಿನಿಂದ ಬಿದ್ದು ಅವಳ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಬೆರಳುಗಳಿಗೆ ಮೊದಲಿನ ಸ್ಪರ್ಶಜ್ಞಾನ ಬರಲಿಲ್ಲ. ಅವಳು ಛಲ ಬಿಡಲಿಲ್ಲ. ಮತ್ತೆ ಮೊದಲಿಂದ ಕಲಿತವಳ ಹಾಗೆ ಅಭ್ಯಾಸ ಮಾಡಿ ತಂಡದಲ್ಲಿ ತನ್ನ ಜಾಗವನ್ನು ವಾಪಸ್ ಪಡೆದಳು. ಧರಣೇಂದ್ರನ ಹೊಸ ಮೌಸ್‌ಗಳನ್ನು ಆಡಿ ನೋಡಿ ಅಭಿಪ್ರಾಯ ಹೇಳುತ್ತಿದ್ದವಳೂ ಅವಳೇ.

ಒಂದು ದಿನ ಅವಳು ಅವನ ಕಾರ್ಖಾನೆಗೆ ಬಂದಳು.

"ಸರ್, ನಿಮ್ಮ ಮೌಸ್ ಚೆನ್ನಾಗಿದೆ. ಆದ್ರೆ ತುಂಬಾ ಹೊತ್ತು ಆಡಿದ್ರೆ ಮಣಿಕಟ್ಟು ಉರಿಯತ್ತೆ. ಇನ್ನೊಂಚೂರು ಹಗುರ ಮಾಡೋಕಾಗತ್ತಾ?"

"ಯಾಕಾಗಲ್ಲ? ಎಷ್ಟು ಬೇಕಾದ್ರೂ ಹಗುರ ಮಾಡ್ತೀನಿ," ಎಂದ ಧರಣೇಂದ್ರ.

"ಎಷ್ಟು ಬೇಕಾದ್ರೂ ಬೇಡ ಸರ್. ಆಟ ಜೋರಾದಾಗ ನಾನು ಎಷ್ಟು ಗಟ್ಟಿಯಾಗಿ ಹಿಡೀತಿದ್ದೀನಿ ಅಂತ ನನಗೇ ಗೊತ್ತಾಗಲ್ಲ. ಹಗುರ ಇರಲಿ, ಆದ್ರೆ ಗಟ್ಟಿ ಇರಲಿ."

ಅವನು ತಲೆಯಾಡಿಸಿದ. ಮಾತಿನ ಮೊದಲರ್ಧ ಮಾತ್ರ ಅವನ ತಲೆಗೆ ಹೋಗಿತ್ತು. ಆ ದಿನಗಳಲ್ಲಿ ಎಲ್ಲ ಕಂಪನಿಗಳೂ ಹಗುರ ಮೌಸ್ ಮಾಡುವ ಪೈಪೋಟಿಗೆ ಬಿದ್ದಿದ್ದವು. ಒಬ್ಬರು ಒಂದು ತೂಕ ಹೇಳಿದರೆ ಮರುದಿನ ಇನ್ನೊಬ್ಬರು ಅದಕ್ಕಿಂತ ಕಡಿಮೆ ಹೇಳುತ್ತಿದ್ದರು. ಎಲ್ಲರಿಗಿಂತ ಹಗುರವಾದ ಮೌಸ್ ತನ್ನದೇ ಆಗಬೇಕು ಎಂಬ ಆಸೆ ಧರಣೇಂದ್ರನಲ್ಲಿ ಹುಟ್ಟಿಕೊಂಡಿತು. ಆಮೇಲೆ ಅದು ಆಸೆಯಾಗಿ ಉಳಿಯಲಿಲ್ಲ. ಊಟಕ್ಕೆ ಕೂತಾಗಲೂ ಅದೇ, ನಾಲ್ಕು ಜನರ ಜೊತೆ ಮಾತಾಡುವಾಗಲೂ ಅದೇ.

ಅವನು ಬ್ಯಾಟರಿ ಚಿಕ್ಕದು ಮಾಡಿದ. ತಳಕ್ಕೆ ತೂತುಗಳನ್ನು ಕೊರೆಸಿದ. ಮೇಲಿನ ಪ್ಲಾಸ್ಟಿಕ್ ಚಿಪ್ಪನ್ನು ತೆಳ್ಳಗೆ ಮಾಡಿದ. ಅಷ್ಟಾದರೂ ಪೈಪೋಟಿಯ ಕಂಪನಿಯ ಮೌಸ್ ಅವನದಕ್ಕಿಂತ ಸ್ವಲ್ಪ ಹಗುರವೇ ಇತ್ತು. ಇನ್ನು ತೆಗೆಯಲು ಉಳಿದದ್ದು ಒಂದೇ. ಚಿಪ್ಪಿನ ಒಳಮೈಯಲ್ಲಿ ಅಡ್ಡಡ್ಡಲಾಗಿ ಸಣ್ಣ ಪಟ್ಟಿಗಳಿದ್ದವು. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಕೈ ಒತ್ತಿದಾಗ ಚಿಪ್ಪು ಒಳಕ್ಕೆ ಬಾಗದಂತೆ ತಡೆಯುವುದು ಅವೇ. ಧರಣೇಂದ್ರ ಅವನ್ನೂ ತೆಗೆಸಿದ. ತಕ್ಕಡಿ ಅವನಿಗೆ ಬೇಕಾದ ಸಂಖ್ಯೆ ತೋರಿಸಿತು.

ಫಿಲೋಮಿನಾ ಆ ಮೌಸನ್ನು ಕೈಗೆ ತೆಗೆದುಕೊಂಡು ಎರಡೂ ಬದಿಯಿಂದ ಹಿಸುಕಿದಳು. ಚಿಪ್ಪು ಒಳಗೆ ಬಾಗಿತು. ಅವಳ ಬೆರಳು ಬದಿಯ ಬಟನ್ ಹತ್ತಿರವೂ ಇರಲಿಲ್ಲ. ಆದರೂ ಅದು ಕ್ಲಿಕ್ ಎಂದಿತು.

"ಕೇಳಿಸ್ತಾ?" ಎಂದಳು.

"ಅಷ್ಟು ಜೋರಾಗಿ ಯಾರು ಹಿಡೀತಾರೆ ಫಿಲೋ?"

"ಹಿಡಿಯೋವ್ರು ಹಿಡೀತಾರೆ. ಬೀಳಿಸಿ ನೋಡ್ದೆ, ಮೂಲೆ ಸೀಳ್ತು. ಪಟ್ಟಿ ವಾಪಸ್ ಹಾಕು ಧರಣಿ. ಒಂದಿಷ್ಟು ಗ್ರಾಂ ಜಾಸ್ತಿ ಆಗತ್ತೆ. ಆದ್ರೆ ಏನಂತೆ?"

"ಒಂದಿಷ್ಟು ಗ್ರಾಂ ಜಾಸ್ತಿ ಆದ್ರೆ ನಮ್ದು ಎರಡನೇ ಮೌಸ್. ಎರಡನೇದರ ಹೆಸರು ಯಾರಿಗೂ ನೆನಪಿರಲ್ಲ."

"ಒಡೆದು ಹೋಗಿದ್ದರ ಹೆಸರು ಎಲ್ಲರಿಗೂ ನೆನಪಿರತ್ತೆ."

ಧರಣೇಂದ್ರ ಮುಖ ತಿರುಗಿಸಿದ. ಹೊಸ ಮೌಸಿನ ಡಬ್ಬಿಯ ಮೇಲೆ "ಕಠಿಣ ಪರೀಕ್ಷೆಗಳಲ್ಲಿ ತೇರ್ಗಡೆ" ಎಂದು ಅಚ್ಚಾಗಿದ್ದನ್ನು ಫಿಲೋಮಿನಾ ನೋಡಿದಳು. ಅವಳು ಮಾಡಿದ ಪರೀಕ್ಷೆ ಏನು ಹೇಳಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಜಗಳವಾಡುವ ಮನಸ್ಸೂ ಅವಳಿಗಿರಲಿಲ್ಲ. ಅದೇ ವಾರ ಪಾಲುದಾರಿಕೆ ಬಿಟ್ಟು ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳಲು ಸೇರಿಕೊಂಡಳು.

ಹೊಸ ಮೌಸ್ ಮಾರುಕಟ್ಟೆಗೆ ಬಂತು. ಎತ್ತಿಕೊಂಡವರೆಲ್ಲ ಬೆರಗಾದರು. ಕೈಯಲ್ಲಿ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಮೊದಲ ಮೌಸನ್ನು ಧರಣೇಂದ್ರ ತಾನೇ ಹೋಗಿ ದೇಚಮ್ಮನಿಗೆ ಕೊಟ್ಟ. ಅವಳು ಅದನ್ನು ಮೇಜಿನ ಮೇಲೆ ಅತ್ತಿತ್ತ ಓಡಿಸಿ ಚಿಕ್ಕ ಮಗುವಿನಂತೆ ನಕ್ಕಳು.

"ಗಟ್ಟಿ ಇದೆಯಾ ಸರ್?"

"ಡಬ್ಬಿ ಮೇಲೆ ಬರೆದಿದೆಯಲ್ಲಮ್ಮಾ," ಎಂದ ಅವನು.

ರಾಜ್ಯದ ದೊಡ್ಡ ಪಂದ್ಯ ಬಂತು. ದೇಚಮ್ಮನ ತಂಡ ಫೈನಲ್ ತಲುಪಿತು. ಧರಣೇಂದ್ರ ಮೊದಲ ಸಾಲಿನಲ್ಲಿ ಕೂತಿದ್ದ. ಆಟದಲ್ಲಿ ಅವಳು ಒಂದು ಗೋಡೆಯ ಹಿಂದೆ ಅಡಗಿ ಎದುರಾಳಿಗಳಿಗಾಗಿ ಕಾಯಬೇಕಿತ್ತು. ಅವರು ಹತ್ತಿರ ಬಂದ ಮೇಲೆ ಬದಿಯ ಬಟನ್ ಒತ್ತಿ ಹೊಗೆಬಾಂಬ್ ಎಸೆಯಬೇಕು. ಇಡೀ ತಂಡ ಅವಳೊಬ್ಬಳನ್ನು ನಂಬಿ ಕಾಯುತ್ತಿತ್ತು. ಸಭಾಂಗಣವೆಲ್ಲ ಉಸಿರು ಬಿಗಿಹಿಡಿದಿತ್ತು. ದೇಚಮ್ಮನ ಹಿಡಿತ ತಾನಾಗಿಯೇ ಬಿಗಿಯಾಯಿತು. ಚಿಪ್ಪು ಬಾಗಿತು. ಅವಳು ಒತ್ತದೆಯೇ ಬದಿಯ ಬಟನ್ ಒತ್ತಿಕೊಂಡಿತು. ಹೊಗೆಬಾಂಬ್ ಹೊತ್ತಿಗೆ ಮುಂಚೆಯೇ ಹಾರಿ ಅವಳು ಅಡಗಿದ ಜಾಗ ಎಲ್ಲರಿಗೂ ಗೊತ್ತಾಯಿತು. ಗಾಬರಿಯಲ್ಲಿ ಅವಳು ಮೌಸನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಮೂಲೆ ಸೀಳಿತು, ಒಳಗೆ ಬ್ಯಾಟರಿ ಕಳಚಿತು, ಮೌಸ್ ಸತ್ತುಹೋಯಿತು. ತಂಡ ಸೋತಿತು.

ಜನ ಪರದೆಯ ಮೇಲಿನ ಆಟ ನೋಡಿದರು, ಮೌಸನ್ನು ಯಾರೂ ನೋಡಲಿಲ್ಲ. "ಕೈ ನಡುಗಿತು," "ಅಪಘಾತವಾದ ಕೈ, ಪಾಪ," ಎಂದು ಎಲ್ಲೆಡೆ ಮಾತಾಯಿತು. ತಂಡದ ಕೋಚ್ ಕೆಟ್ಟವನಲ್ಲ. ಆದರೂ ಅವನು ಅವಳನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ದಿನ ರೆಸ್ಟ್ ತಗೋ," ಎಂದ. ತಂಡದಲ್ಲಿ ತನ್ನ ಜಾಗ ಹೋಯಿತೆಂದು ಅವಳಿಗೆ ಅರ್ಥವಾಯಿತು.

ಮರುದಿನ ದೇಚಮ್ಮ ಕಾರ್ಖಾನೆಗೆ ಬಂದಳು. ಸೀಳಿದ ಮೌಸನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಳು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಬೈಯೋಕೆ ಬಂದಿಲ್ಲ ಸರ್. ಒಂದು ಮಾತು ಕೇಳ್ಬೇಕು, ಅಷ್ಟೇ. ನಾನು ಆ ಬಟನ್ ಒತ್ತಿಲ್ಲ ಅಂತ ನನಗೆ ಅನ್ಸತ್ತೆ. ಆದ್ರೆ ಈ ಬೆರಳುಗಳು ಏನು ಮಾಡ್ತವೆ ಅಂತ ನನಗೆ ಪೂರ್ತಿ ಗೊತ್ತಾಗಲ್ವಲ್ಲ. ನೀವು ಮಾಡಿದವರು. ನೀವೇ ಹೇಳಿ. ತಪ್ಪು ಮೌಸ್‌ದಾ, ನನ್ನ ಕೈದಾ?"

ಧರಣೇಂದ್ರನಿಗೆ ಫಿಲೋಮಿನಾ ಹಿಸುಕಿದಾಗ ಬಂದ ಆ ಕ್ಲಿಕ್ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಹೊರಗೆ ಅಂಗಡಿಗಳಿಗೆ ಕಳಿಸುವ ಡಬ್ಬಿಗಳು ಸಾಲಾಗಿ ನಿಂತಿದ್ದವು. ಅವನ ಹೆಸರು ಆಗಷ್ಟೇ ಪತ್ರಿಕೆಗಳಲ್ಲಿ ಬರತೊಡಗಿತ್ತು. ನಿಜ ಹೇಳಿದರೆ ಇದೆಲ್ಲ ಇವತ್ತೇ ಮುಗಿಯಿತು. ಸುಳ್ಳು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಅವಳ ಕೈ ಹೇಗೂ ಮುರಿದ ಕೈ. ಜನ ಆಗಲೇ ಹಾಗೆಂದು ನಂಬಿಯೂ ಆಗಿದೆ.

"ಮೌಸ್‌ನಲ್ಲಿ ಏನೂ ದೋಷ ಇಲ್ಲ ದೇಚಮ್ಮ," ಎಂದ. ಅವಳ ಮುಖ ನೋಡದೆ, ಮೇಜು ನೋಡುತ್ತ ಹೇಳಿದ.

ಅವಳು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಅದು ಬೇರೆ ಯಾರದೋ ವಸ್ತುವೇನೋ ಎಂಬಂತೆ ನೋಡಿದಳು. "ಸರಿ ಸರ್. ಗೊತ್ತಾಯ್ತಲ್ಲ, ಒಳ್ಳೇದಾಯ್ತು," ಎಂದು ಎದ್ದು ಹೋದಳು. ಸೀಳಿದ ಮೌಸ್ ಮೇಜಿನ ಮೇಲೇ ಉಳಿಯಿತು.

ಧರಣೇಂದ್ರ ಅಂದುಕೊಂಡ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. ಒಂದೊಂದಾಗಿ ಮೌಸ್‌ಗಳು ವಾಪಸ್ ಬರತೊಡಗಿದವು. ಗಟ್ಟಿಮುಟ್ಟಾದ ಕೈಗಳಿಂದ ಬಂದ ಮೌಸ್‌ಗಳು. ಎಲ್ಲವೂ ಅದೇ ಮೂಲೆಯಲ್ಲಿ ಸೀಳಿದ್ದವು. ಎಲ್ಲವೂ ಹಿಸುಕಿದರೆ ತಾನಾಗಿ ಕ್ಲಿಕ್ ಎನ್ನುತ್ತಿದ್ದವು. ಅಂಗಡಿಯವರು ಮಾಲು ತಿರುಗಿ ಕಳಿಸಿದರು. ಹೊಗಳಿದ ಪತ್ರಿಕೆಗಳೇ ತೆಗಳಿದವು. ಧರಣೇಂದ್ರನಿಗೆ ಅದರ ನೋವು ಆಗಲಿಲ್ಲವೆಂದಲ್ಲ. ಆದರೆ ಪ್ರತಿ ಸೀಳಿದ ಮೌಸ್ ಕೈಗೆ ಬಂದಾಗಲೂ ಅವನಿಗೆ ಕಾಣುತ್ತಿದ್ದುದು ತನ್ನ ಕೈಯನ್ನು ತಾನೇ ಅನುಮಾನದಿಂದ ನೋಡಿಕೊಂಡ ಆ ಹುಡುಗಿಯ ಮುಖ.

ಕಡೆಗೆ ಅವನು ಆ ಮೌಸನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡ. ದೋಷ ತನ್ನದೇ ಎಂದು ಎಲ್ಲರೆದುರು ಹೇಳಿದ. ಒಳಗಿನ ಪಟ್ಟಿಗಳನ್ನು ಮತ್ತೆ ಕೂರಿಸಿ, ಎಲ್ಲಕ್ಕಿಂತ ಹಗುರವಲ್ಲದ, ಆದರೆ ಗಟ್ಟಿಯಾದ ಒಂದು ಮೌಸನ್ನು ತಾನೇ ಕೂತು ಜೋಡಿಸಿದ. ಅದನ್ನು ತೆಗೆದುಕೊಂಡು ದೇಚಮ್ಮನನ್ನು ಹುಡುಕಿ ಹೊರಟ.

ಅವಳು ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ರೋಗಿಗಳಿಗೆ ಚೀಟಿ ಬರೆದು ಕೊಡುವ ಕೆಲಸಕ್ಕೆ ಸೇರಿದ್ದಳು. ಹೈದರಾಬಾದಿನ ಒಂದು ತಂಡ ಅವಳನ್ನು ಕರೆದಿತ್ತಂತೆ. "ನನ್ನ ಕೈಯಿಂದ ಆಗಲ್ಲ," ಎಂದು ಅವಳೇ ಬೇಡವೆಂದಿದ್ದಳಂತೆ. ಧರಣೇಂದ್ರ ಹೋದಾಗ ಅವಳು ಎಡಗೈಯಲ್ಲಿ ಬರೆಯುತ್ತಿದ್ದಳು. ಅಕ್ಷರಗಳು ಸೊಟ್ಟಸೊಟ್ಟವಾಗಿದ್ದವು. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು.

"ತಪ್ಪು ನಿನ್ನ ಕೈದಲ್ಲಮ್ಮಾ. ನಂದು. ಅವತ್ತು ನಾನು ಸುಳ್ಳು ಹೇಳಿದೆ," ಎಂದ ಧರಣೇಂದ್ರ. ಮೌಸನ್ನು ಅವಳ ಮುಂದಿಟ್ಟ. "ಇದನ್ನ ನಿನಗೋಸ್ಕರ ಮಾಡಿದ್ದೀನಿ. ಎಷ್ಟು ಗಟ್ಟಿಯಾಗಿ ಹಿಡಿದ್ರೂ ಏನೂ ಆಗಲ್ಲ. ಮತ್ತೆ ಆಡು."

ದೇಚಮ್ಮ ಮೌಸಿನ ಮೇಲೆ ಬಲಗೈ ಇಟ್ಟಳು. ಬೆರಳುಗಳು ತಮ್ಮ ಹಳೆಯ ಜಾಗ ಹುಡುಕಿಕೊಂಡವು. ಒಂದು ಕ್ಷಣ ಅವಳ ಕಣ್ಣು ತುಂಬಿತು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾನು ಕೇಳೋಕೆ ಬಂದ ದಿನ ನನಗೆ ಮೌಸ್ ಬೇಕಿರಲಿಲ್ಲ ಸರ್. ಅವತ್ತು ನೀವು ಹೇಳಿದ್ದನ್ನ ನಂಬಿದೆ. ಇವತ್ತು ಹೇಳ್ತಿರೋದನ್ನೂ ನಂಬ್ತೀನಿ. ಆದ್ರೆ ಈ ಕೈ ನಂಬಲ್ಲ. ಹಿಡಿದ ತಕ್ಷಣ ನಡುಗತ್ತೆ ನೋಡಿ."

ನಿಜವಾಗಿಯೂ ಅದು ನಡುಗುತ್ತಿತ್ತು. ಫೈನಲ್‌ನ ದಿನ ನಡುಗದ ಕೈ ಈಗ ನಡುಗುತ್ತಿತ್ತು.

ದೇಚಮ್ಮ ಮೌಸನ್ನು ಮೆಲ್ಲಗೆ ಧರಣೇಂದ್ರನ ಕಡೆ ಸರಿಸಿದಳು. ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯ ಕಡೆ ತಿರುಗಿ, "ನಿಮ್ಮ ಹೆಸರು ಹೇಳಿ ಅಜ್ಜಿ," ಎಂದು ಎಡಗೈಯಲ್ಲಿ ಪೆನ್ನು ಎತ್ತಿಕೊಂಡಳು.

ನೀತಿ: ಹೆಸರಿನ ಆಸೆಗೆ ಕಣ್ಣಿಗೆ ಕಾಣದ ಆಸರೆಯನ್ನು ಕಿತ್ತು ಹಾಕಬೇಡಿ. ನಾವು ಮಾಡಿದ ವಸ್ತು ಒಡೆದರೆ ಮತ್ತೆ ಮಾಡಬಹುದು. ನಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಅವರ ಆತ್ಮವಿಶ್ವಾಸವನ್ನು ಒಡೆದರೆ, ಆಮೇಲೆ ಹೇಳಿದ ನಿಜವೂ ಅದನ್ನು ಕೂಡಿಸಲಾರದು. ಆದ್ದರಿಂದ ನಿಜವನ್ನು ಕೇಳಿದ ದಿನವೇ ಹೇಳಿಬಿಡಿ.